ಕೆಮ್ಮು ಬರ್ತಿದೆ, ಡಾಕ್ಟ್ರೇ!

ಗಡಿಯಾರ ರಿಪೇರಿಯವನಿಗೆ ನಿಮಿಷದ ಮುಳ್ಳು ಸೊಟ್ಟಗೆ ಕಾಣತೊಡಗಿತು. ಪಾಪ, ಅವನು ತಪ್ಪನ್ನು ಕಣ್ಣಿನ ಮೇಲೆ ಹಾಕಲಿಲ್ಲ, ಮಸೂರದ ಮೇಲೆ ಹಾಕಿದ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಮಸೂರವನ್ನು ಒರೆಸಿದ, ಉಜ್ಜಿದ, ಕೊನೆಗೆ ಹೊಸದನ್ನೇ ತಂದ. ಮುಳ್ಳು ಮಾತ್ರ ನಾಯಿ ಬಾಲದ ಹಾಗೆ ಡೊಂಕಾಗಿಯೇ ಇತ್ತು.

ಬಾಗಿಲ ಚೌಕಟ್ಟೂ ಬಾಗಿ ಕಂಡ ದಿನ ಹೆಂಡತಿ ಅವನನ್ನು ಕಣ್ಣಿನ ಆಸ್ಪತ್ರೆಗೆ ಎಳೆದೊಯ್ದಳು. ಕಣ್ಣಿನ ಹಿಂಬದಿಯಲ್ಲಿ, ಚಿತ್ರ ಮೂಡುವ ಪರದೆಯ ಮೇಲೆ, ತೆಳ್ಳನೆಯ ಪೊರೆ ಬೆಳೆದು ಪರದೆಯನ್ನೇ ಸುಕ್ಕುಗಟ್ಟಿಸಿತ್ತು. "ಪೊರೆಯನ್ನ ಚಿಮಟದಲ್ಲಿ ಸುಲಿದು ತೆಗೀಬೇಕು," ಎಂದರು ಡಾಕ್ಟರು.

ಚಿಮಟ ಎಂದದ್ದೇ ತಡ, ಅವನು ಕುರ್ಚಿಯಿಂದೆದ್ದು ಬಾಗಿಲ ಕಡೆ ಹೊರಟ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವಾಗ ಕೈ ತುಸು ಅದುರಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಸ್ಪ್ರಿಂಗಾದರೆ ಇನ್ನೊಂದು ಸಿಗುತ್ತದೆ. ಮಸೂರ ಹಿಡಿದು ಪಳಗಿದ ಕಣ್ಣು, ಮನೆಗೆ ಅನ್ನ ಹಾಕುವ ಕಣ್ಣು, ಅದೊಂದೇ.

ಸಂಜೆ ಅಕ್ಕನ ಮಗಳು ಬಂದಳು. ಅವಳು ಅದೇ ಆಸ್ಪತ್ರೆಯ ಆಪರೇಷನ್ ಕೋಣೆಯ ನರ್ಸ್.

"ನಂಗೆ ಬೇಡಮ್ಮ. ಒಳಗೆ ರಕ್ತ ಬಂದ್ರೆ? ಪರದೆಯೇ ಹರಿದ್ರೆ?"

"ಸುಳ್ಳು ಹೇಳಲ್ಲ ಮಾವ. ಸುಲಿಯುವಾಗ ಚುಕ್ಕಿ ರಕ್ತ ಬರಬಹುದು, ಹೆಚ್ಚಿನ ಸಲ ತಾನೇ ನಿಲ್ಲುತ್ತೆ. ಅಪರೂಪಕ್ಕೆ ಪರದೆಗೆ ಗಾಯವೂ ಆಗುತ್ತೆ. ಡಾಕ್ಟ್ರು ಅದಕ್ಕೆ ತಯಾರಾಗೇ ಇರ್ತಾರೆ. ನೀನೇನು ಮಾಡ್ತೀಯ, ಅದು ಹೇಳು."

"ನಾನೇನು ಮಾಡ್ಲಿ? ಉಸಿರು ಬಿಗಿಹಿಡಿದು ಕಲ್ಲಿನ ಹಾಗೆ ಮಲಗ್ತೀನಿ. ಸ್ಪ್ರಿಂಗ್ ಕೂರಿಸುವಾಗ ದಿನಾ ಮಾಡೋದೂ ಅದೇ."

"ಅಯ್ಯೋ ದೇವ್ರೇ, ಅದೊಂದು ಮಾತ್ರ ಮಾಡ್ಬೇಡ! ಬಿಗಿಹಿಡಿದ ಉಸಿರು ಕೆಮ್ಮಾಗಿ ಸಿಡಿದ್ರೆ ತಲೆ ಎಗರಿ ಚಿಮಟ ಪರದೆಗೆ ತಾಗುತ್ತೆ. ಮರಗಟ್ಟಿಸೋದು ಕಣ್ಣು ಮಾತ್ರ, ನಿಂಗೆ ಎಚ್ಚರ ಇರುತ್ತೆ. ಕೆಮ್ಮು, ಸೀನು ಬರೋ ಹಾಗಿದ್ರೆ ಅಲ್ಲಾಡದೆ ಮೊದ್ಲು ಬಾಯಲ್ಲಿ ಹೇಳು. ಅಂದಹಾಗೆ, ಕತ್ತುನೋವಿಗೆ ಮಾತ್ರೆ ನುಂಗ್ತೀಯಲ್ಲ, ಡಾಕ್ಟ್ರಿಗೆ ಹೇಳಿದ್ಯಾ? ಕೆಲವು ಮಾತ್ರೆ ತಗೊಂಡ್ರೆ ರಕ್ತ ಬೇಗ ನಿಲ್ಲಲ್ಲ."

"ಹೇಳಿಲ್ಲ ಅಂತ ಇವ್ರ ಮುಖವೇ ಹೇಳ್ತಿದೆ," ಎಂದಳು ಹೆಂಡತಿ. "ನಾಳೆ ಬೆಳಗ್ಗೇನೇ ಹೋಗಿ ಹೇಳಿ ಬರೋಣ." ಹೇಳಿ ಬಂದರು. ಆ ಮಾತ್ರೆ ಏನು ಮಾಡಬೇಕೆಂದು ಡಾಕ್ಟರೇ ತಿಳಿಸಿದರು. ಆಪರೇಷನ್ನಿಗೂ ಒಪ್ಪಿದ, ಅರೆಮನಸ್ಸಿನಿಂದ.

ಆಪರೇಷನ್ ದಿನ ಮೇಜಿನ ಮೇಲೆ ಮಲಗಿಸಿ, ಕಣ್ಣು ಮರಗಟ್ಟಿಸಿ ಕೆಲಸ ಶುರುಮಾಡಿದರು. ಅಭ್ಯಾಸಬಲ ನೋಡಿ, ಅವನಿಗೇ ಅರಿವಿಲ್ಲದೆ ಉಸಿರು ಬಿಗಿಹಿಡಿದಿದ್ದ. ಗಂಟಲಲ್ಲಿ ಕೆರೆತ ಶುರುವಾಯಿತು. ಚಿಮಟ ಈಗ ಕಣ್ಣೊಳಗಿದೆ. ಕೆಮ್ಮಿದರೆ ಕಣ್ಣು ಹೋಯಿತು! ಹೇಳಿದರೆ ಡಾಕ್ಟರು ಬೈದರೆ?

"ಕೆಮ್ಮು ಬರ್ತಿದೆ, ಡಾಕ್ಟ್ರೇ!"

"ಒಂದ್ನಿಮಿಷ ತಡ್ಕೊಳ್ಳಿ... ಹ್ಞಾಂ, ಹೊರಗೆ ತೆಗೆದೆ. ಈಗ ಕೆಮ್ಮಿ."

ಹೊಟ್ಟೆ ನೋಯುವಷ್ಟು ಕೆಮ್ಮಿದ. ಕೆಲಸ ಮತ್ತೆ ಶುರುವಾಯಿತು. "ಸ್ವಲ್ಪ ರಕ್ತ," ಎಂದು ಡಾಕ್ಟರು ಮೆಲ್ಲಗೆ ಅಂದದ್ದು ಕೇಳಿ ಮತ್ತೆ ಉಸಿರು ಬಿಗಿಹಿಡಿದ. ಅಕ್ಕನ ಮಗಳು ಕೈ ಅದುಮಿದಳು. "ನಿಲ್ತಾ ಇದೆ ಮಾವ. ಉಸಿರಾಡು."

ತಿಂಗಳುಗಳು ಕಳೆದಿವೆ. ಮುಳ್ಳು ಈಗಲೂ ಒಂಚೂರು ಬಾಗಿದೆ, ಆದರೆ ಅಂಗಡಿ ತೆರೆದಿದೆ. ಇನ್ನೊಂದು ಕಣ್ಣನ್ನೂ ಪರೀಕ್ಷೆ ಮಾಡಿಸಿ ಎಂದು ಹೆಂಡತಿ ಬಾಯಿ ತೆರೆಯುವ ಮೊದಲೇ ಅವನು ಚಪ್ಪಲಿ ಮೆಟ್ಟಿ ನಿಂತಿರುತ್ತಾನೆ.

ನೆಟ್ಟಗಿನ ಗೆರೆ ನಿಮಗೂ ಡೊಂಕಾಗಿ ಕಂಡರೆ ಕನ್ನಡಕ ಉಜ್ಜುತ್ತ ಕೂರಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನುಂಗುವ ಮಾತ್ರೆ ಮುಚ್ಚಿಡಬೇಡಿ, ಅವರನ್ನು ಕೇಳದೆ ನಿಲ್ಲಿಸಲೂಬೇಡಿ. ಆಪರೇಷನ್ ಆದ ಮೇಲೆ ನೋವು ಹೆಚ್ಚಿದರೆ, ದೃಷ್ಟಿ ಮಬ್ಬಾದರೆ, ಮಿಂಚು ಹೊಡೆದಂತೆ, ಕರಿಪರದೆ ಇಳಿದಂತೆ ಕಂಡರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಓಡಿ. ಭಯವಾಗುತ್ತದೆಯೇ? ಆಗಲಿ, ಯಾರಿಗಾಗಲ್ಲ? ಅದನ್ನೂ ಬಾಯಿಬಿಟ್ಟು ಹೇಳಿ.