ಗುಂಡಿ ಬಿಚ್ಚದ ಅಂಗಿ

ಮೂರನೆಯ ಗುಂಡಿಯೂ ಬಿಚ್ಚಲಿಲ್ಲ. ತೀರಿಕೊಂಡ ಅಪ್ಪನ ಮೈಮೇಲಿನ ಹಳೆಯ ಅಂಗಿ ಬಿಚ್ಚಿ, ಹೊಸದು ತೊಡಿಸಿ ಕಳಿಸುವುದು ತನ್ನ ಪಾಲಿನ ಕೆಲಸವೆಂದು ಹಟ ಹಿಡಿದಿದ್ದ ಮಗ ಬೆವರತೊಡಗಿದ.

"ಜೋರಾಗಿ ಎಳಿ ಅಣ್ಣಾ," ಎಂದಳು ತಂಗಿ. "ಗುಂಡಿ ಬರೀ ನೋಡೋಕೆ."

ಎಳೆದ. ಪರ್ ಎಂದು ಅಂಗಿ ಉದ್ದಕ್ಕೂ ಬಾಯಿಬಿಟ್ಟಿತು. ಒಳಗೆ ವೆಲ್ಕ್ರೋ ಪಟ್ಟಿ; ಗುಂಡಿಗಳನ್ನು ಮೇಲಿನ ಪದರಕ್ಕೇ ಹೊಲಿದುಬಿಡಲಾಗಿತ್ತು.

"ಇದೇನೇ ಇದು?"

"ಬೆರಳು ಆಡ್ತಿರ್ಲಿಲ್ವಲ್ಲ. ಅಪ್ಪನೇ ಹೇಳಿ ನನ್ ಕೈಲಿ ಹೊಲಿಸಿದ್ರು. ಎಂಟೂ ಅಂಗಿ ಹೀಗೇ. ಎರಡು ವರ್ಷ ಆಯ್ತು."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. "ಕಾಲರ್ ಮೇಷ್ಟ್ರು ಕಣಪ್ಪಾ! ಅರ್ಧ ಬೀದಿಗೆ ಅಂಗಿ ಹೊಲಿದ ಟೈಲರ್ರು, ನನ್ ಗುಂಡಿ ನಂಗೇ ಹಾಕ್ಕೊಳ್ಳೋಕಾಗಲ್ಲ ಅಂತ ಬಾಯ್ಬಿಟ್ಟು ಹೇಳ್ತಾರಾ?"

* * *

ಮನೆಯಲ್ಲೇ ಆರೈಕೆಗೆ ಸರ್ಕಾರದ ಸಹಾಯಧನ ಕೋರಿ ತಂಗಿ ಹಿಂದಿನ ವರ್ಷ ಅರ್ಜಿ ಹಾಕಿದ್ದಳು. ಸಿಕ್ಕರೆ ಒಬ್ಬ ಆಯಾಳನ್ನಿಟ್ಟು, ಬಿಟ್ಟುಬಂದ ಪ್ರೆಸ್ಸಿನ ಕೆಲಸಕ್ಕೆ ಮರಳಬಹುದಿತ್ತು. ಅಧಿಕಾರಿ ಪರೀಕ್ಷೆಗೆ ಬಂದ ದಿನ ಅಪ್ಪ ಅವಳಿಂದಲೇ ಕ್ಷೌರ ಮಾಡಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಗುಂಡಿ ನೀವೇ ಹಾಕ್ಕೋತೀರಾ?"

"ಮೀನಿಗೆ ಈಜು ಬರುತ್ತಾ ಅಂತ ಕೇಳ್ದಂಗಾಯ್ತು. ಮೊದಲು ನಿಮ್ ಕಾಲರ್ ನೋಡ್ಕೊಳ್ಳಿ ಸ್ವಾಮಿ, ಎಡಕ್ಕೆ ತಗ್ಗಿದೆ."

ತಂಗಿ ಬಾಯಿ ತೆರೆದಳು. ಅಪ್ಪ ನೋಡಿದ ನೋಟಕ್ಕೆ ಮುಚ್ಚಿದಳು. 'ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ' ಎಂಬ ಸಾಲಿನ ಕೆಳಗೆ, ಆ ದಿನ ಊರಿಗೆ ಬಂದಿದ್ದ ಮಗ ಹೆಮ್ಮೆಯಿಂದ ಸಹಿ ಹಾಕಿದ. ತಿಂಗಳಿಗೊಮ್ಮೆ ಬರುವ ಅವನು ಕಂಡಿದ್ದೂ ಕುರ್ಚಿಯಲ್ಲಿ ಕೂತ ಆ ಅಪ್ಪನನ್ನೇ.

ಅರ್ಜಿ ಬಿದ್ದುಹೋಯಿತು. ತಂಗಿ ಮೇಲ್ಮನವಿ ಹಾಕಿದಾಗ, "ಅಪ್ಪ ಕಲ್ಲುಗುಂಡಿನ ಹಾಗಿದಾರೆ. ಮನೇಲಿ ಕೂರೋಕೆ ನಿಂಗೊಂದು ನೆಪ," ಎಂದಿದ್ದ.

* * *

ಮರುಪರೀಕ್ಷೆಗೆ ಗೊತ್ತುಮಾಡಿದ್ದ ದಿನ ಇದೇ. ಹನ್ನೊಂದಕ್ಕೆ ಸರಿಯಾಗಿ ಅದೇ ಅಧಿಕಾರಿ ಕಡತ ಹಿಡಿದು ಬಂದ. ಅಂಗಳದಲ್ಲಿ ಹೂವು ಹಿಡಿದು ನಿಂತವರನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಪರೀಕ್ಷೇಲಿ ಪಾಸಾಗಿ ಕೆಟ್ಟೋರು ಅಂದ್ರೆ ನಮ್ ಮೇಷ್ಟ್ರೊಬ್ರೇ," ಎಂದರು ಅಜ್ಜಿ, ಅವನಿಗೆ ಕೇಳುವಂತೆ.

ಅಧಿಕಾರಿ ಮಗನನ್ನು ಪಕ್ಕಕ್ಕೆ ಕರೆದ. "ಅವರು ಹೋಗಿದ್ರೂ, ಮೇಲ್ಮನವಿ ಒಪ್ಪಿದ್ರೆ ಹಣ ಅರ್ಜಿ ಹಾಕಿದ ದಿನದಿಂದಲೇ ಮಂಜೂರಾಗುತ್ತೆ, ನೋಡ್ಕೊಂಡೋರಿಗೇ ಹೋಗುತ್ತೆ. ಆದ್ರೆ ಹೋದ ಸಲದ ಸಹಿ ನಿಮ್ದು ಸಾರ್. ಅದು ತಪ್ಪು ಅಂತ ನೀವೇ ಬರೆದುಕೊಡ್ಬೇಕು."

ಎಲ್ಲರೂ ನೋಡುತ್ತಿದ್ದರು. ಮಗ ಕುರ್ಚಿ ಎಳೆದುಕೊಂಡ.

"ತಪ್ಪೇ. ಕೇಳಿ."

"ಸ್ನಾನ?"

"ತಂಗಿ ಮಾಡಿಸ್ತಿದ್ಲು."

"ಊಟ?"

"ತಂಗಿ."

"ರಾತ್ರಿ ಎಷ್ಟು ಸಲ ಎಬ್ಬಿಸ್ಬೇಕಿತ್ತು?"

ಅವನಿಗೆ ಗೊತ್ತಿರಲಿಲ್ಲ. ಅವಳನ್ನೇ ಕೇಳೋಣವೆಂದು ಒಳಕೋಣೆಯತ್ತ ತಿರುಗಿದ.

ಮಂಚದ ಪಕ್ಕ ನೆಲದಲ್ಲಿ ಕೂತಲ್ಲೇ ತಂಗಿ ನಿದ್ದೆ ಹೋಗಿದ್ದಳು. ಒಂದು ಕೈ ಮಾತ್ರ ಅಪ್ಪನ ತೋಳಿನ ಮೇಲಿತ್ತು, ಅಲುಗಿದರೆ ಗೊತ್ತಾಗುವಂತೆ.