ಡಾಕ್ಟರ ಪೀಠಿಕೆ

ಸತ್ತ ಮೇಲೆ ಕಣ್ಣು ದಾನ ಮಾಡಿ ಎಂದು ಕೇಳಲು ಕಣ್ಣಾಸ್ಪತ್ರೆಯ ಡಾಕ್ಟರು ಪ್ರಾರ್ಥನಾ ಮಂದಿರಗಳಿಗೆ ಹೋಗಿ ಭಾಷಣ ಮಾಡುತ್ತಿದ್ದರು. ಇಲ್ಲಿಯವರೆಗೆ ಒಬ್ಬ ಭಕ್ತನೂ ಮುಂದೆ ಬಂದಿರಲಿಲ್ಲ. ನನ್ನ ಭಾಷಣಗಳ ರೆಕಾರ್ಡಿಂಗ್ ಕೇಳಿ, ಎಲ್ಲಿ ಎಡವುತ್ತಿದ್ದೇನೆ ಹೇಳಮ್ಮ ಎಂದು ತಮ್ಮ ನರ್ಸಿಗೆ ಒಪ್ಪಿಸಿದ್ದರು. ಅವಳಿಗೆ ಇದು ಬರೀ ಡ್ಯೂಟಿಯಲ್ಲ. ಟೈಲರ್ ಆಗಿದ್ದ ಅವಳ ತಮ್ಮನ ಎರಡೂ ಕಣ್ಣಿನ ಮೇಲೆ ಬಿಳಿ ಕಲೆ ಕಟ್ಟಿ ದೃಷ್ಟಿ ಹೋಗಿತ್ತು. ಯಾರದಾದರೂ ಕಣ್ಣು ಸಿಕ್ಕರೆ ಅವನು ಮತ್ತೆ ಮಷಿನ್ ಮುಂದೆ ಕೂರಬಹುದಿತ್ತು.

ಊಟದ ಬಿಡುವಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತ ಹೋದಳು. ಕೇಳುತ್ತ ಹೋದ ಹಾಗೆ ತಲೆ ಕೆಟ್ಟುಹೋಯಿತು. ಅಯ್ಯೋ ದೇವರೇ, ಈ ಮನುಷ್ಯ ವಿಷಯಕ್ಕೆ ಬರುವುದು ಯಾವಾಗ? ಬಾಯಿ ಬಿಟ್ಟ ಕೂಡಲೇ, "ನಿಮ್ಮ ನಂಬಿಕೆಗೆ ನೋವಾದರೆ ಕ್ಷಮಿಸಿ." ಯಾರೂ ಏನೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳ! ಆಮೇಲೆ ಕಣ್ಣು ಕೊಟ್ಟ ಭಗವಂತನ ಗುಣಗಾನ. ಅದಾದ ಮೇಲೆ ಸೊಪ್ಪು ತಿನ್ನಿ, ಟಿವಿ ಕಡಿಮೆ ನೋಡಿ. ಕೊನೆಗೆ ಜನ ಚಪ್ಪಲಿ ಹುಡುಕುವ ಹೊತ್ತಿಗೆ, "ಕೊಡುವ ಮನಸ್ಸಿರುವವರು ನಮ್ಮನ್ನು ಕಾಣಿ." ಏನು ಕೊಡಬೇಕು, ಯಾವಾಗ ಕೊಡಬೇಕು, ಯಾರಿಗೆ ತಿಳಿಯಬೇಕು? ಸಾವು ಎಂಬ ಪದ ಯಾವ ಭಾಷಣದಲ್ಲೂ ಇರಲಿಲ್ಲ.

"ಸಾರ್, ನೇರವಾಗಿ ಕೇಳಿಬಿಡಿ. ಕ್ಷಮಿಸಿ ಅಂತ ಶುರು ಮಾಡಿದ್ರೆ, ಇವನೇನೋ ಕೆಟ್ಟದ್ದು ಹೇಳ್ತಾನೆ ಅಂತಲೇ ಕೂರ್ತಾರೆ."

"ಭಕ್ತರಮ್ಮ ಅವರು. ಹೆಣಕ್ಕೆ ಕೈ ಹಚ್ಚಬಾರದು ಅನ್ನೋ ಜನ."

"ಹಾಗಂತ ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಮುಂದಿನ ಸಭೆಗೆ ಅವಳು ತಮ್ಮನನ್ನೂ ಕೈ ಹಿಡಿದು ಕರೆತಂದಳು. ಡಾಕ್ಟರದು ಮತ್ತೆ ಅದೇ ರಾಗ, ಅದೇ ಹಾಡು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೊಪ್ಪಿನ ವಿಚಾರಕ್ಕೆ ಬರುವಷ್ಟರಲ್ಲಿ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಎದ್ದು ಹೋಗಿ ಮೈಕ್ ತೆಗೆದುಕೊಂಡಳು.

"ಇವನು ನನ್ನ ತಮ್ಮ. ಕಣ್ಣು ಕಾಣಲ್ಲ. ನಿಮ್ಮನೇಲಿ ಯಾರಾದ್ರೂ ತೀರಿಕೊಂಡಾಗ ಕೂಡಲೇ ನಮಗೊಂದು ಫೋನ್ ಮಾಡಿ. ಬಂದು ಕಣ್ಣು ತಗೋತೀವಿ, ಮುಖ ಕೆಡಲ್ಲ. ಇವನಂಥೋರಿಗೆ ಹಾಕ್ತೀವಿ. ಕೊಡ್ತೀರಾ?"

ಡಾಕ್ಟರ ಮುಖ ಬಿಳುಚಿಕೊಂಡಿತು. ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕುರ್ಚಿ ಹಿಡಿದು ಎದ್ದಳು. ಬೈಗುಳಕ್ಕೆ ಸಿದ್ಧಳಾಗಿಯೇ ನರ್ಸು ನಿಂತಿದ್ದಳು.

"ನೀವು ಬಂದಾಗೆಲ್ಲ ಇಲ್ಲೇ ಕೂತು ಕೇಳಿದ್ದೀನಿ, ಡಾಕ್ಟ್ರೇ," ಎಂದಳು ಅಜ್ಜಿ. "ಕಣ್ಣು ಜೋಪಾನ ಅಂತ ಹೇಳೋಕೆ ಬರ್ತೀರಿ ಅಂದ್ಕೊಂಡಿದ್ದೆ. ಹೋದ ವಾರ ನಮ್ಮೆಜಮಾನ್ರನ್ನ ಮಣ್ಣು ಮಾಡಿ ಬಂದ್ವಿ."

ನರ್ಸಿನ ತಮ್ಮ, ದನಿ ಬಂದ ಕಡೆಗೆ ಮುಖ ತಿರುಗಿಸಿದ. ಅಜ್ಜಿ ನಿಧಾನವಾಗಿ ಅವನ ಹತ್ತಿರ ಹೋಗಿ ಗಲ್ಲ ಹಿಡಿದು ನೋಡಿದಳು.

"ಕೊಡ್ತಿದ್ವಲ್ಲಪ್ಪ," ಎಂದಳು. "ಒಂದು ಮಾತು ಕೇಳಬಾರ್ದಿತ್ತಾ?"