ಅಜ್ಜಿದಿಬ್ಬದ ಹೂಳು

“ನಿನ್ನ ಇಲ್ಲಿ ಇಟ್ಕೊಂಡಿರೋದು ನೋಡೋಕಲ್ಲ, ಸೈನ್ ಹಾಕೋಕೆ. ಅರ್ಥ ಆಯ್ತಾ? ಕೈಯಾದ್ರೂ ತೊಳ್ಕೊಂಡು ಮುಟ್ಟು ಆ ಪುಸ್ತಕಾನ. ಕೆಸರು ಮುಂಡೇದು.”

ಫೆರ್ವೇ ಸಾಹೇಬ ಹಾಗಂದು ನಾನು ಬರೆದಿದ್ದ ಹಾಳೆಯನ್ನು ಪರ್ರನೆ ಹರಿದು, ಉಂಡೆ ಮಾಡಿ, ನನ್ನ ಕಾಫಿ ಲೋಟದೊಳಕ್ಕೇ ಹಾಕಿದ. ಹಡಗಿನ ಮೇಲಿದ್ದ ಆಳುಗಳು ನಕ್ಕರು. ಪಾಪ, ಸಾಹೇಬ ಜೋಕು ಹೊಡೆದಾಗ ನಗುವುದೂ ಅವರ ಕೆಲಸವೇ.

ನನ್ನ ತಪ್ಪು ಒಂದೇ ಅಕ್ಷರದ್ದು. ಎತ್ತಿದ ಹೂಳನ್ನು ಕಡಲಿಗೆ ಸುರಿದಾಗಲೆಲ್ಲ ಒಂದು ಹಾಳೆ ತುಂಬಬೇಕು. ಅದರಲ್ಲೊಂದು ಪುಟ್ಟ ಚೌಕವಿದೆ. ಇಳಿತದಲ್ಲಿ ಸುರಿದರೆ ‘ಇ’, ಉಬ್ಬರದಲ್ಲಿ ಸುರಿದರೆ ‘ಉ’. ನೀರು ಏರುತ್ತಿತ್ತು, ನಾನು ‘ಉ’ ಅಂತ ಬರೆದೆ. ಬರೆಯಬಾರದಿತ್ತಂತೆ.

ನಮ್ಮ ಬಂದರಿಗೆ ಬರುವ ಹಡಗುದಾರಿ ವರ್ಷಕ್ಕೊಮ್ಮೆ ಹೂಳು ತುಂಬಿ ಕೂರುತ್ತದೆ. ಅದನ್ನು ಎತ್ತುವ ಗುತ್ತಿಗೆ ಫೆರ್ವೇಯ ಕಂಪನಿಯದು. ಸರ್ಕಾರ ಪರ್ಮಿಟ್ಟಿನಲ್ಲಿ ಷರತ್ತು ಹಾಕಿತ್ತು: ಇಳಿತ ಶುರುವಾದ ಮೊದಲ ಎರಡು ಗಂಟೆಯೊಳಗೆ ಮಾತ್ರ ಸುರಿಯಬೇಕು, ಆಗ ನೀರು ಅದನ್ನು ಆಳದ ಕಡಲಿಗೆ ಒಯ್ಯುತ್ತದೆ. ಉಬ್ಬರದಲ್ಲಿ ಸುರಿದರೆ ಅದೇ ನೀರು ಅಷ್ಟೂ ಹೂಳನ್ನು ಹೊತ್ತು ತಂದು, ಇಳಿತದಲ್ಲಿ ಮೇಲೇಳುವ ನಮ್ಮ ಮರಳುದಿಬ್ಬ ಅಜ್ಜಿದಿಬ್ಬದ ಮೇಲೆ ಹಾಸುತ್ತದೆ. ಆದರೆ ಇಳಿತಕ್ಕೆ ಕಾಯುವುದೆಂದರೆ ಅರ್ಧ ದಿನ ಹಡಗು ಸುಮ್ಮನೆ ನಿಲ್ಲಬೇಕು. ಸುಮ್ಮನೆ ನಿಂತ ಹಡಗನ್ನು ನೋಡಿದರೆ ಫೆರ್ವೇಗೆ ಹೊಟ್ಟೆನೋವು ಬರುತ್ತಿತ್ತು.

ಹದಿನಾಲ್ಕನೇ ಷರತ್ತು: ಹಡಗಿನ ಮೇಲೆ ಒಬ್ಬ ನೋಡುವವರು ಇರಬೇಕು. ಐನೂರು ಮೀಟರಿನೊಳಗೆ ಕಡಲನಾಯಿ, ಅಂದರೆ ಸೀಲ್ ಪ್ರಾಣಿ, ಕಂಡರೆ ಅರ್ಧ ಗಂಟೆ ಕೆಲಸ ನಿಲ್ಲಿಸಬೇಕು. ಹದಿನೈದನೆಯದು: ಆ ನೋಡುವವರು ಇದೇ ಕರಾವಳಿಯ, ದಿಬ್ಬಗಳನ್ನು ಬಲ್ಲ ಜನವಾಗಿರಬೇಕು. ಊರವರು ನಿಜ ಹೇಳುತ್ತಾರೆ ಅಂತ ಷರತ್ತು ಬರೆದವರು ನಂಬಿದ್ದಿರಬೇಕು. ಊರವರು ಅಗ್ಗಕ್ಕೆ ಸಿಗುತ್ತಾರೆ, ಬಾಯಿ ಮುಚ್ಚಿಸುವುದೂ ಸುಲಭ ಅಂತ ಕಂಪನಿಗೆ ಗೊತ್ತಿತ್ತು. ಗೆದ್ದದ್ದು ಕಂಪನಿಯೇ.

ನಾನು ಹಿಸ್ಕೆ. ಅಜ್ಜಿದಿಬ್ಬದಲ್ಲಿ ಮರುವಾಯಿ ಚಿಪ್ಪು ಕೆದಕಿ ಬದುಕುವ ಏಳು ಮನೆಗಳಲ್ಲಿ ಒಂದು ಮನೆಯವಳು. ಇಳಿತದಲ್ಲಿ ಕಡಲ ದಂಡೆಯ ಏರಿಯಿಂದ ಇಳಿದು ನಡೆದೇ ಹೋಗುತ್ತೇವೆ, ಉದ್ದ ಕಾವಿನ ಹಲುಬೆಯಿಂದ ಮರಳು ಕೆದಕಿ ಚಿಪ್ಪು ಆರಿಸುತ್ತೇವೆ, ನೀರು ಬರುವ ಮೊದಲು ಮೂಟೆ ಹೊತ್ತು ಹಿಂದಿರುಗುತ್ತೇವೆ. ಆ ವರ್ಷ ಚಿಪ್ಪು ಕಡಿಮೆಯಾಗಿತ್ತು. ಅದಕ್ಕೇ ನೋಡುವವಳಾಗಿ ಹಡಗು ಹತ್ತಿದೆ.

ಕಾಫಿಯಲ್ಲಿ ನೆನೆದ ಹಾಳೆಯನ್ನು ನೋಡುತ್ತ ಹೊಸ ಹಾಳೆ ತೆಗೆದು ‘ಇ’ ಅಂತ ಬರೆದೆ. ಅವತ್ತೊಂದೇ ದಿನ ಅಲ್ಲ. ಅಕ್ಟೋಬರಿನಿಂದ ಕ್ರಿಸ್‌ಮಸ್‌ವರೆಗೆ ನಲವತ್ತೊಂದು ಸಲ ಬರೆದೆ. ಇದನ್ನು ಮುಚ್ಚಿಟ್ಟು ಕಥೆ ಹೇಳಲು ನನಗೆ ಮನಸ್ಸಿಲ್ಲ.

ಜನವರಿಯ ಒಂದು ಭಾನುವಾರ ಹಡಗಿಗೆ ರಜೆ. ನಾನು, ನನ್ನ ತಮ್ಮ ಬೌಕೆ, ಚಾಲಿಂಗ್ ಮಾವ, ಮೂವರೂ ದಿಬ್ಬಕ್ಕೆ ಹೋದೆವು. ಹೊರಗಿನಿಂದ ಬಂದವರು ದಿಬ್ಬದ ಮೇಲೆ ಹೆಜ್ಜೆಗೊಮ್ಮೆ ಕೋಲು ಊರಿ ನೆಲ ನೋಡುತ್ತಾರೆ. ನಾವು ನೋಡುವುದಿಲ್ಲ. ಅಜ್ಜಿದಿಬ್ಬದಲ್ಲಿ ಕೋಲೂರಿದರೆ ನಮ್ಮವರು ನಗುತ್ತಾರೆ, ನಿಮ್ಮಪ್ಪನ ಮನೆ ಹೊಸ್ತಿಲೂ ತಡಕಾಡ್ತೀಯೇನ್ಲಾ ಅಂತ ಛೇಡಿಸುತ್ತಾರೆ. ಅದು ನಮ್ಮ ಜಂಬ. ಬೌಕೆ ಹಲುಬೆಯನ್ನು ಹೆಗಲ ಮೇಲಿಟ್ಟು, ಶಿಳ್ಳೆ ಹಾಕುತ್ತ, ಪಶ್ಚಿಮದ ತಗ್ಗಿನಲ್ಲಿ ಕಾಲಿಟ್ಟ. ನಮ್ಮಜ್ಜಿಯ ಕಾಲದಿಂದ ಕಲ್ಲಿನಂತೆ ಗಟ್ಟಿಯಿದ್ದ ಮರಳು ಅದು. ಅವತ್ತು ಮೇಲೊಂದು ತೆಳು ಮರಳಿನ ಪೊರೆ, ಕೆಳಗೆ ಎದೆಮಟ್ಟ ಹೂಳು.

ನಾವು ಮುನ್ನೂರು ಹೆಜ್ಜೆ ದೂರದಲ್ಲಿದ್ದೆವು. ಓಡಿದೆವು. ಎರಡು ಹಲುಬೆ ಸೇರಿಸಿ ಕಟ್ಟಿದೆವು, ಸಾಲಲಿಲ್ಲ. ನಾನು ಹೊಟ್ಟೆಯ ಮೇಲೆ ತೆವಳಿ ಅವನ ತೋಳು ಹಿಡಿದೆ. ಕೈಗೆ ಬಂದದ್ದು ಅಂಗಿಯ ತೋಳು ಮಾತ್ರ. ಅಷ್ಟರಲ್ಲಿ ನೀರು ತಿರುಗಿತು, ಉಬ್ಬರ ಏರತೊಡಗಿತು.

“ಅಕ್ಕಾ, ಇಲ್ಲಿ ಗಟ್ಟಿ ಇತ್ತು ಕಣಕ್ಕಾ,” ಅಂದ. ತಪ್ಪು ಮಾಡಿದವನ ಹಾಗೆ ನನ್ನ ಮುಖ ನೋಡಿದ. ಮೂವತ್ತೆಂಟು ವರ್ಷದ ಗಂಡಸು. ಆಮೇಲೆ ಅವನಿಗೆ ಮಾತಾಡಲು ನೀರು ಬಿಡಲಿಲ್ಲ. ಚಾಲಿಂಗ್ ಮಾವ ನನ್ನ ಕಾಲು ಹಿಡಿದು ಹಿಂದಕ್ಕೆ ಎಳೆದುಕೊಂಡ. ನಾನು ಮಾವನ ಕೈ ಕಚ್ಚಿದೆನಂತೆ, ನನಗೆ ನೆನಪಿಲ್ಲ.

ವಿಚಾರಣೆ ಬಂದರಿನ ಕಚೇರಿಯಲ್ಲಿ ನಡೆಯಿತು. ತಲೆಗೊಂದು ಲೋಟ ಕಾಫಿ, ತಲೆಗೊಂದೇ ಬಿಸ್ಕತ್ತು. ಅಧಿಕಾರಿ ಕನ್ನಡಕ ಏರಿಸಿ ಓದಿದ: “ಮೃತರು ನೆಲವನ್ನು ಪರೀಕ್ಷಿಸದೆ ನಡೆದಿರುವುದೇ ಸಾವಿಗೆ ಕಾರಣ.”

“ನೆಲ ಯಾಕ್ ನೋಡ್ಬೇಕು ಸ್ವಾಮಿ?” ಚಾಲಿಂಗ್ ಮಾವ ಎದ್ದು ನಿಂತ. “ಅಂಬೆಗಾಲಿಟ್ಟ ದಿವ್ಸದಿಂದ ನಡ್ದವ್ನೆ ಅಲ್ಲಿ. ಇವ್ರು ಉಬ್ಬರದಾಗ್ ತಂದು ಸುರುದ್ರು, ಅದ್ಕೆ ಹೂಳು ಬಂತು.”

“ಕೂತ್ಕೊಳ್ರಿ. ಸುರಿದಿರೋದೆಲ್ಲ ಇಳಿತದಲ್ಲೇ. ನಲವತ್ತೊಂದು ಹಾಳೆ ಇದೆ ಇಲ್ಲಿ. ಆ ಹೂಳು ದಿಬ್ಬಕ್ಕೆ ಬರೋಕೆ ಸಾಧ್ಯವೇ ಇಲ್ಲ.” ಅವನು ಹಾಳೆ ತಿರುವಿದ. “ಸಹಿ ಯಾರದು? ಹಿಸ್ಕೆ ಅನ್ನೋರು ಯಾರು?”

ಬೌಕೆಯ ಹೆಂಡತಿ ಮಿಂಕೆ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

“ಅದು ಸುಳ್ಳು,” ಅಂದೆ. “ನಾನೇ ಬರ್ದಿದ್ದು. ಸುಳ್ಳೇ ಬರ್ದಿದ್ದು. ಇವ್ರು ಬರ್ಸುದ್ರು.”

“ಸರ್ಕಾರಿ ದಾಖಲೆಗೆ ಸುಳ್ಳು ಸಹಿ ಹಾಕಿದೀನಿ ಅಂತ ಒಪ್ಕೋತಿದೀರಾ? ಯೋಚನೆ ಮಾಡಿ ಹೇಳಿ. ಕೇಸು ಬೀಳೋದು ನಿಮ್ಮ ಮೇಲೆ.”

ಫೆರ್ವೇ ಗಂಟಲು ಸರಿಮಾಡಿಕೊಂಡ. “ಪಾಪ, ತಮ್ಮ ಹೋದ ದುಃಖ. ಏನೋ ಮಾತಾಡ್ತಿದ್ದಾಳೆ, ಬರ್ಕೋಬೇಡಿ ಸರ್,” ಅಂದ. ಆಮೇಲೆ ತನ್ನ ತಟ್ಟೆಯ ಬಿಸ್ಕತ್ತನ್ನು ಬೆರಳಿಂದ ಮಿಂಕೆಯ ಕಡೆ ತಳ್ಳಿದ. “ತಗೊಳ್ಳಮ್ಮ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸತ್ತೆ.”

ಮಿಂಕೆ ಮುಟ್ಟಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕಾಲ ಮುಂದೆ ಉಗಿದಳು. “ಒಂದಕ್ಷರಕ್ಕೆ ನನ್ ಗಂಡನ್ನ ಮಾರ್ಕೊಂಡ್ಯಲ್ಲೇ, ಹಾದರಗಿತ್ತಿ,” ಅಂದಳು.

ಒಂಬತ್ತು ದಿನ ಮನೆಯಲ್ಲೇ ಬಿದ್ದಿದ್ದೆ. ಮಾಡಿದ್ದು ಒಂದೇ ಕೆಲಸ. ಪರ್ಮಿಟ್ಟಿನ ಮೂವತ್ತು ಪುಟವನ್ನೂ ಬೆರಳಿಟ್ಟು ಓದಿದೆ, ಮತ್ತೆ ಓದಿದೆ. ಹತ್ತನೇ ದಿನ ಎದ್ದು ತಲೆ ಬಾಚಿಕೊಂಡು ಹಡಗಿಗೆ ಹೋದೆ. ಊರೆಲ್ಲ ಥೂ ಅಂದಿತು. ಫೆರ್ವೇ ಮಾತ್ರ ಬೆನ್ನು ತಟ್ಟಿದ. “ಬುದ್ಧಿವಂತೆ ಕಣೆ ನೀನು,” ಅಂದ. ಅವನ ಕೈ ಬಿದ್ದ ಜಾಗ ಇಡೀ ದಿನ ಉರಿಯಿತು.

ವಿಚಾರಣೆಯಾದ ಮೇಲೆ ಕಂಪನಿ ಹೆದರಿ ಇಳಿತದಲ್ಲೇ ಸುರಿಯುತ್ತಿತ್ತು. ಎರಡು ತಿಂಗಳು ಕಮಕ್ ಕಿಮಕ್ ಅನ್ನದೆ ಕಾದೆ.

ಪರ್ಮಿಟ್ಟಿನ ಗಡುವು ಮಾರ್ಚ್ ಮೂವತ್ತೊಂದು. ಏಪ್ರಿಲಿನಿಂದ ಹಕ್ಕಿಗಳು ಮೊಟ್ಟೆಯಿಡುವ ಕಾಲ, ಒಂದು ಬಕೆಟ್ ಹೂಳೂ ಎತ್ತುವ ಹಾಗಿಲ್ಲ. ಅಷ್ಟರೊಳಗೆ ದಾರಿ ಇನ್ನೆರಡು ಅಡಿ ಆಳವಾಗದಿದ್ದರೆ ಬರಬೇಕಾದ ಹೊಸ ದೊಡ್ಡ ಹಡಗು ಬರುವುದಿಲ್ಲ, ಕಂಪನಿಗೆ ಮುಂದಿನ ಗುತ್ತಿಗೆಯೂ ಇಲ್ಲ. ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಪಂಪು ಶುರುವಾಯಿತು. ನಾನು ಕೆಂಪು ಬಾವುಟ ಎತ್ತಿದೆ.

“ಕಡಲನಾಯಿ!”

ಪಂಪು ನಿಂತಿತು. ಅರ್ಧ ಗಂಟೆಯಾಯಿತು, ಮತ್ತೆ ಶುರುವಾಯಿತು. ಮತ್ತೆ ಎತ್ತಿದೆ. ಅವರಿಗೆ ನಲವತ್ತೊಂದು ಸಲ ಇಳಿತ ಕಂಡಿತ್ತಲ್ಲ, ಹಾಗೇ ನನಗೂ ಕಡಲನಾಯಿ ಕಂಡವು. ಒಂಟಿ ಕಂಡವು, ಜೋಡಿ ಕಂಡವು, ಮರಿ ಕಟ್ಟಿಕೊಂಡ ತಾಯಿ ಕಂಡಿತು. ಸಂಜೆಯವರೆಗೆ ಹಡಗು ಒಂದು ಬುಟ್ಟಿ ಹೂಳು ಎತ್ತಿದ್ದರೆ ಹೆಚ್ಚು.

ಮರುದಿನ ಫೆರ್ವೇ ದುರ್ಬೀನು ಹಿಡಿದು ಪಕ್ಕದಲ್ಲೇ ಬಂದು ನಿಂತ. “ಎಲ್ಲೇ? ಎಲ್ಲಿದೆ?”

“ಮುಳುಗ್ತು ಸಾಹೇಬ್ರೆ.”

“ನನಗೊಂದೂ ಕಾಣ್ಲಿಲ್ಲ!”

“ನಿಮ್ ಕಣ್ಗೆ ಕಂಡ್ರೂ ಒಂದೇ, ಕಾಣ್ದಿದ್ರೂ ಒಂದೇ. ಹದ್ನಾಕ್ನೇ ಷರತ್ತಲ್ಲಿ ನೋಡೋಳ ಕಣ್ಣು ಅಂತ ಬರ್ದವ್ರೆ. ನೋಡೋಳು ನಾನು.”

“ಕೆಲಸದಿಂದ ಕಿತ್ತು ಬಿಸಾಕ್ತೀನಿ, ಬೋಳಿ.”

“ಕಿತ್ಹಾಕಿ. ಹೊಸಬ್ರ ಹೆಸ್ರ ಆಫೀಸಿಗೆ ಕೊಟ್ಟು ಏಳ್ ದಿವ್ಸ ಕಾಯ್ಬೇಕು. ಇರೋದು ಮೂರೇ ದಿವ್ಸ. ಮ್ಯಾಲಾಗಿ ನಮ್ಮೋರಲ್ಲಿ ಯಾವಳು ಬತ್ತಾಳೆ, ಕೇಳ್ಕೊಂಡ್ ಬನ್ನಿ.”

ಅವನ ಕೆನ್ನೆ ಅದುರಿತು. ಇಷ್ಟು ವರ್ಷದಲ್ಲಿ ಒಬ್ಬ ಸಾಹೇಬನ ಕೆನ್ನೆ ನನ್ನ ಮಾತಿಗೆ ಅದುರಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಮೂವತ್ತೊಂದರ ಬೆಳಿಗ್ಗೆ ಅವನು ಕ್ಯಾಮೆರಾ ನೇತುಹಾಕಿಕೊಂಡು ಬಂದ. “ಇವತ್ತು ದಿಬ್ಬದ ಮೇಲೆ ಬಿದ್ಕೊಂಡಿವೆ ಅಂತ ಬರೆದಿದ್ದೀಯಲ್ಲ, ನಡಿ ತೋರ್ಸು. ಖಾಲಿ ದಿಬ್ಬದ ಫೋಟೋ ತೆಗೆದು ಈಗಿಂದೀಗಲೇ ಆಫೀಸಿಗೆ ಕಳಿಸ್ತೀನಿ. ಸುಳ್ಳು ಹೇಳಿ ಕೆಲಸ ನಿಲ್ಲಿಸಿದ್ದಕ್ಕೆ ನೀನು ಜೈಲಿಗೆ, ಹಡಗು ಕೆಲಸಕ್ಕೆ.”

ರಬ್ಬರ್ ದೋಣಿಯನ್ನು ಅವನೇ ನಡೆಸಿದ. ಇಳಿತ ಮುಗಿಯುತ್ತ ಬಂದಿತ್ತು, ದಿಬ್ಬ ಬೆನ್ನು ತೋರಿಸಿ ಮಲಗಿತ್ತು. ನಾನು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ದೂರದಲ್ಲಿ ಪೂರ್ವದ ಅಂಚಿನಲ್ಲಿ ನಮ್ಮವರು ಚಿಪ್ಪು ಕೆದಕುತ್ತಿದ್ದರು.

“ಎಲ್ಲೇ ನಿನ್ನ ನಾಯಿ?”

“ಆ ಪಡುವಣ ತಗ್ಗಿನಿಂದಾಚೆ.”

ಬೌಕೆ ಹೋದ ತಗ್ಗಿನ ಕಡೆಗೇ ನಾನು ಬೆರಳು ತೋರಿಸಿದ್ದು ತಿಳಿಯದೆ ಅಲ್ಲ. ಆದರೂ ಅವನು ನಾಲ್ಕು ಹೆಜ್ಜೆ ಮುಂದಾದಾಗ ನನ್ನ ಬಾಯಿ ತಾನಾಗಿ ಕೂಗಿತು. “ಅಲ್ಲಿ ಕಾಲಿಕ್ಬೇಡಿ ಸಾಹೇಬ್ರೆ. ಹೂಳೈತೆ.”

ಅವನು ನಿಂತು ತಿರುಗಿ ನಕ್ಕ. “ಹೂಳಾ? ಇಲ್ಲಿಗೆ ಹೂಳು ಬರೋಕೆ ಸಾಧ್ಯವೇ ಇಲ್ಲ ಅಂತ ಸರ್ಕಾರ ಬರೆದುಕೊಟ್ಟಿದೆ. ನಿನ್ನ ಸೈನೇ ಇದೆ.”

ಮೂರನೇ ಹೆಜ್ಜೆಗೆ ಒಂದು ಕಾಲು ತೊಡೆಯವರೆಗೆ ಹೋಯಿತು. ಅದನ್ನು ಎಳೆಯಲು ಇನ್ನೊಂದು ಕಾಲು ಊರಿದ. ಅದೂ ಹೋಯಿತು. ಒದ್ದಾಡಿದಷ್ಟೂ ಇಳಿದ. ತಗ್ಗಿನ ಅಂಚಾದ್ದರಿಂದ ಸೊಂಟ ಮುಳುಗಿದ ಮೇಲೆ ಕಾಲು ತಳಕ್ಕೆ ತಾಗಿ ನಿಂತ. ಪ್ಯಾಂಟಿನ ಜೇಬಿನಲ್ಲಿದ್ದ ಫೋನೂ ಹೂಳಿನೊಳಗೆ ಹೋಗಿತ್ತು.

“ಕೈ ಕೊಡು! ಹಿಸ್ಕೆ, ಕೈ ಕೊಡೇ!”

ಅವನ ಬಾಯಲ್ಲಿ ನನ್ನ ಹೆಸರು ಬಂದದ್ದು ಅವತ್ತೇ. ಚೀಲದಿಂದ ಪುಸ್ತಕ ತೆಗೆದೆ. ಕಚೇರಿಗೆ ಕೊಟ್ಟ ಪ್ರತಿ ಹಾಳೆಯ ನಕಲೂ ಅದರಲ್ಲಿತ್ತು. ಗಟ್ಟಿ ನೆಲದ ಅಂಚಿನಲ್ಲಿ ಮಂಡಿಯೂರಿ, ಪುಸ್ತಕಕ್ಕೆ ಪೆನ್ನು ಸಿಕ್ಕಿಸಿ, ಜಾರಿಸಿ ತಳ್ಳಿದೆ.

“ನಲ್ವತ್ತೊಂದು ಹಾಳೆ ಐತೆ. ಒಂದೊಂದ್ರಲ್ಲೂ ‘ಇ’ ಹೊಡ್ದಾಕಿ ‘ಉ’ ಬರೀರಿ. ಪಕ್ಕದಲ್ಲಿ ನಿಮ್ ಸೈನು.”

“ಹುಚ್ಚು ಹಿಡಿದಿದೆಯೇನೇ ನಿನಗೆ? ನೀರು ತಿರುಗ್ತಿದೆ!”

“ಅದ್ಕೇ ಬಿರ್ರನೆ ಬರೀರಿ.”

ಅವನು ಬೈದ, ಬೇಡಿಕೊಂಡ, ನನಗೂ ಮಿಂಕೆಗೂ ಏನೇನೋ ಕೊಡಿಸುತ್ತೇನೆ ಅಂದ. ಆಮೇಲೆ ಬರೆದ. ಮೊದಮೊದಲು ಅಕ್ಷರ ದುಂಡಗಿತ್ತು. ಹತ್ತನೇ ಹಾಳೆಗೆ ನೀರು ನನ್ನ ಪಾದ ಮುಟ್ಟಿತು. ಕೂಗಾಟ ಕೇಳಿ ಚಾಲಿಂಗ್ ಮಾವ, ಮಿಂಕೆ, ಉಳಿದ ನಮ್ಮವರು ಬಂದರು. ಬೌಕೆ ಹೋದ ಮೇಲೆ ಅವರು, ಹೂಳಿಗೆ ಬಿದ್ದವರನ್ನು ಎತ್ತಲು, ಉದ್ದದ ಹಲಗೆಯೊಂದನ್ನು ಬಿಟ್ಟು ದಿಬ್ಬಕ್ಕೆ ಕಾಲಿಡುವುದಿಲ್ಲ. ಅದನ್ನು ಎಳೆದುಕೊಂಡೇ ಬಂದಿದ್ದರು. ಸುತ್ತ ನಿಂತರು.

“ಏನ್ ಬರೀತಾವ್ನೆ?” ಚಾಲಿಂಗ್ ಮಾವ ಕೇಳಿದ.

“ಉಬ್ಬರ ಅಂತ.”

“ಬರೀಲಿ ಬರೀಲಿ. ನಿಧಾನ್ಕೆ ಬರೀಲಿ, ತಪ್ಪಾದಾತು.”

ಇಪ್ಪತ್ತೈದನೇ ಹಾಳೆಗೆ ನಮಗೆ ಕಣಕಾಲು, ಅವನಿಗೆ ಹೊಟ್ಟೆ. ಮೂವತ್ತೈದಕ್ಕೆ ಅವನು ಪುಸ್ತಕವನ್ನು ಮುಖದ ಎದುರಿಗೆ ಎತ್ತಿ ಹಿಡಿದು, ಗಾಳಿಯಲ್ಲಿ ಬರೆಯುವವನ ಹಾಗೆ ಬರೆಯುತ್ತಿದ್ದ. ಪೆನ್ನಿನ ಮೊನೆ ಕಾಗದ ತೂತು ಮಾಡುತ್ತಿತ್ತು. ಅಳುತ್ತಿದ್ದನೋ ಅಥವಾ ಅದು ಎರಚಿದ ನೀರೋ, ನನಗೆ ತಿಳಿಯುವ ಅಗತ್ಯವಿರಲಿಲ್ಲ. ನಲವತ್ತೊಂದನೆಯದು ಮುಗಿಸಿ ಪುಸ್ತಕ ಎಸೆದ. ಒಂದೊಂದೇ ಹಾಳೆ ತಿರುವಿ ನೋಡಿದೆ. ಎಲ್ಲ ಸರಿಯಿತ್ತು. ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡೆ.

“ಆಯ್ತಲ್ಲ! ಬರೆದೆನಲ್ಲ! ಈಗ ಆ ಹಲಗೆ ಕೊಡ್ರೋ!”

ಹಲಗೆ ಮಿಂಕೆಯ ಕಾಲ ಕೆಳಗಿತ್ತು. ಅವಳು ಅದರ ಮೇಲೆ ಎರಡೂ ಕಾಲು ಊರಿ ನಿಂತಿದ್ದಳು.

“ಮಿಂಕೆ, ಹಲ್ಗೆ ಬುಡವ್ವ,” ಅಂದ ಚಾಲಿಂಗ್ ಮಾವ.

ಅವಳು ಫೆರ್ವೇಯ ಮುಖವನ್ನೇ ನೋಡುತ್ತಿದ್ದಳು. “ನನ್ ಗಂಡ ಎಲ್ ನಿಂತಿದ್ದ, ಗೊತ್ತಾ ನಿಂಗೆ?” ಅಂತ ಕೇಳಿದಳು.

ಅವನು ಬಾಯಿ ತೆರೆದ. ಅಲೆಯೊಂದು ಬಂದು ಬಾಯೊಳಗೆ ನುಗ್ಗಿತು, ಕೆಮ್ಮಿದ.

“ಮಿಂಕೆ,” ಅಂದೆ ನಾನು. “ಪುಸ್ತಕ ಸಿಕ್ತಲ್ಲೇ. ಇನ್ ಸಾಕು.”

“ನಿಂಗ್ ಸಾಕಾಗೈತೆ,” ಅಂದಳು.

ನೀರು ನಮ್ಮ ಮೊಣಕಾಲು ದಾಟಿತು. ಮಿಂಕೆ ಹಲಗೆಯಿಂದ ಇಳಿಯಲಿಲ್ಲ.